ರಿಹರ್ಸಲ್ ಎಂದು ಬರೆದಿದ್ದ ಹನ್ನೊಂದು ಡಬ್ಬಿ

ನನ್ನ ಸೋದರಮಾವ ಒಂದು ಬಲ್ಬಿಗೆ ಹೆದರುತ್ತಿದ್ದರು.

ಲೋಕದಲ್ಲಿ ಹುಲಿಗೆ ಹೆದರುವವರಿದ್ದಾರೆ, ಹೆಂಡತಿಗೆ ಹೆದರುವವರಿದ್ದಾರೆ, ಹುಲಿಯನ್ನು ಕೊಂದು ಬಂದು ಅದನ್ನು ಹೆಂಡತಿಗೆ ಹೇಳಲು ಹೆದರಿದವರೂ ಇದ್ದಾರೆ. ಆದರೆ ನಿಂಬೆಹಣ್ಣಿನ ಗಾತ್ರದ ಒಂದು ಕೆಂಪು ಬಲ್ಬಿಗೆ ಹೆದರಿ, ಆ ಹೆದರಿಕೆಯಿಂದಲೇ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೆಸರುವಾಸಿಯಾದ ಮಹಾಪುರುಷರು ನಾನು ಕಂಡಂತೆ ಇವರೊಬ್ಬರೇ.

ಮಾವನ ಮನೆಯ ಇಸ್ತ್ರಿಪೆಟ್ಟಿಗೆಯ ಪುಟ್ಟ ದೀಪಕ್ಕೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿತ್ತು. ಗೀಸರಿನ ದೀಪಕ್ಕೆ ಅತ್ತೆ ಬಟ್ಟೆಯ ಟೊಪ್ಪಿ ಹೊಲಿದು ತೊಡಿಸಿದ್ದರು. ಲಿಫ್ಟಿನ ಗುಂಡಿ ಒತ್ತಿದರೆ ಕೆಂಪಗೆ ಹೊತ್ತಿಕೊಳ್ಳುತ್ತದೆಂದು ಮಾವ ನಾಲ್ಕನೆಯ ಮಹಡಿಗೆ ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದರು. ಎಪ್ಪತ್ತು ದಾಟಿದರೂ ಕುದುರೆಯ ಹಾಗಿದ್ದಾರೆ ಎಂದು ಡಾಕ್ಟರು ಹೊಗಳಿದಾಗ ಅತ್ತೆ, "ಹೌದು ಡಾಕ್ಟ್ರೇ, ಬೆದರೋ ಬುದ್ಧೀನೂ ಕುದುರೇದೇ" ಎಂದಿದ್ದರು. ರಸ್ತೆ ದಾಟುವಾಗ ಸಿಗ್ನಲ್ಲಿನ ಕಡೆ ನೋಡದೆ, ತಮ್ಮ ಚಪ್ಪಲಿಯನ್ನೇ ನೋಡುತ್ತಾ, ಪಕ್ಕದಲ್ಲಿ ನಿಂತ ಅಪರಿಚಿತರನ್ನು "ಹಸಿರು ಬಂತಾ?" ಎಂದು ಕೇಳುತ್ತಿದ್ದರು. ಕುರುಡರೆಂದು ತಿಳಿದು ಕೈಹಿಡಿದು ದಾಟಿಸಿದವರೆಷ್ಟೋ. ಮಾವ ಬೇಡವೆನ್ನುತ್ತಿರಲಿಲ್ಲ.

ಇಂಥ ಮನುಷ್ಯನ ಸುತ್ತ ಕಥೆ ಬೆಳೆಯದೆ ಇರುತ್ತದೆಯೇ? ಹಾಲಿನವನ ಪ್ರಕಾರ ಮಾವ ಹಿಂದೊಮ್ಮೆ ರೈಲಿನಲ್ಲಿದ್ದಾಗ ಕೆಂಪು ದೀಪ ಕಂಡೂ ಚಾಲಕ ನಿಲ್ಲಿಸಲಿಲ್ಲ, ಇಡೀ ಗಾಡಿಯಲ್ಲಿ ಬದುಕಿದ್ದು ಇವರೊಬ್ಬರೇ. ಕೆಳಮನೆಯ ದರ್ಜಿಯ ಪ್ರಕಾರ ಅದು ಕೆಂಪು ದೀಪ ನೋಡುವುದಿಲ್ಲವೆಂದು ಗುರುವಿಗೆ ಕೊಟ್ಟ ಮಾತು. ನಾನು ಶಾಲೆಯಲ್ಲಿ ಹರಡಿದ ಕಥೆ ಇವೆಲ್ಲವನ್ನೂ ಮೀರಿಸಿತ್ತು: ನಮ್ಮ ಮಾವ ಪಿಯಾನೋ ಬಾರಿಸಿದರೆ ಕೇಳಿದವರಿಗೆ ಮೂರು ದಿನ ನಿದ್ದೆ ಬರುವುದಿಲ್ಲ, ಆದ್ದರಿಂದ ಸರ್ಕಾರ ಅದನ್ನು ರೆಕಾರ್ಡು ಮಾಡಕೂಡದೆಂದು ಕೆಂಪು ದೀಪ ಹಚ್ಚಿ ತಡೆಯಿತು. ನಲವತ್ತು ದಾಟಿದ ಮೇಲೂ ನಾನು ಈ ಕಥೆಯನ್ನು ಕೈಬಿಟ್ಟಿರಲಿಲ್ಲ. ಸರ್ಕಾರವನ್ನು ತೆಗೆದು 'ಕೆಲವು ಶಕ್ತಿಗಳು' ಎಂದು ಸೇರಿಸಿದ್ದೆ, ಅಷ್ಟೇ.

ನಿಜ ಸಂಗತಿ ಬಹಳ ಚಿಕ್ಕದು. ಮಾವನಿಗೆ ಇಪ್ಪತ್ತನಾಲ್ಕು ವರ್ಷವಿದ್ದಾಗ ರೇಡಿಯೋ ಕೇಂದ್ರದಿಂದ ಕರೆ ಬಂತು. ಸ್ಟುಡಿಯೋದ ಬಾಗಿಲ ಮೇಲೆ ಒಂದು ಕೆಂಪು ಬಲ್ಬು. ಟೇಪು ಓಡತೊಡಗಿದಾಗ ಅದು ಹೊತ್ತಿಕೊಳ್ಳುತ್ತದೆ, ಆಗ ಯಾರೂ ಕೆಮ್ಮಕೂಡದು. ಅಲ್ಲಿನ ಅಧಿಕಾರಿ ಮಾವನ ಭುಜ ತಟ್ಟಿ, ಹುರಿದುಂಬಿಸುವ ಉದ್ದೇಶದಿಂದಲೇ ಇರಬೇಕು, ಹೀಗೆಂದರಂತೆ: "ನೋಡಪ್ಪಾ, ಅದು ಹೊತ್ಕೊಂಡ ಮೇಲೆ ನೀನು ಮಾಡೋ ತಪ್ಪು ನಿನಗಿಂತ ಹೆಚ್ಚು ದಿನ ಬದುಕುತ್ತೆ."

ಬಲ್ಬು ಹೊತ್ತಿಕೊಂಡಿತು. ಮಾವನ ಎರಡೂ ಕೈ ಮಂಜುಗಡ್ಡೆಯಾದವು. ಎಡಗೈ ಎಲ್ಲಿದೆಯೆಂದು ಬಲಗೈಗೆ ತಿಳಿಯಲಿಲ್ಲ. ಒಂಬತ್ತನೆಯ ಸೆಕೆಂಡಿಗೆ ಬಾರಿಸುವುದು ನಿಂತಿತು. ಅಂದು ಹೊಕ್ಕ ನಡುಕ ಮತ್ತೆ ಹೊರಗೆ ಬರಲಿಲ್ಲ.

ಕೆಂಪು ದೀಪವಿಲ್ಲದ ಕಡೆ ಮಾತ್ರ ಮಾವ ಬೇರೆಯೇ ಮನುಷ್ಯ. ನಗರದ ಒಂದು ದೊಡ್ಡ ಹೋಟೆಲಿನ ಲಾಬಿಯಲ್ಲಿ ಅವರು ಮೂವತ್ತೊಂದು ವರ್ಷ ಪಿಯಾನೋ ನುಡಿಸಿದರು. ಬಾರಿಸುತ್ತಿದ್ದುದು ಜಾಝ್. ಆ ಸಂಗೀತದಲ್ಲಿ ಬರೆದಿಟ್ಟದ್ದು ಸ್ವಲ್ಪ, ಅಲ್ಲೇ ಹುಟ್ಟಿಸಿಕೊಳ್ಳುವುದು ಬಹಳ. ಒಂದು ಧಾಟಿಯನ್ನು ಮಧ್ಯೆ ಇಟ್ಟುಕೊಂಡು ಮೂರು ನಾಲ್ಕು ಜನ ಕಟ್ಟೆಯ ಮೇಲೆ ಕೂತವರ ಹಾಗೆ ನೀನೊಂದು ಹೇಳು, ನಾನೊಂದು ಹೇಳುತ್ತೇನೆ ಎಂದು ಹರಟುವುದು. ಹೋಟೆಲಿನಲ್ಲಿ ತಪ್ಪು ಬಾರಿಸಿದರೆ ಅದು ಟೀಯ ಹಬೆಯ ಜೊತೆ ಮೇಲೆ ಹೋಗಿ ಮಾಯವಾಗುತ್ತದೆ ಎಂದು ಮಾವ ಹೇಳುತ್ತಿದ್ದರು. ಆ ಕೆಲಸದಲ್ಲಿ ಅವರಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದುದೇ ಆ ಮಾಯವಾಗುವುದು.

ಅವರ ಜೊತೆ ಇನ್ನಿಬ್ಬರಿದ್ದರು. ಡ್ರಮ್ ಬಾರಿಸುತ್ತಿದ್ದವರು ಅಂಚೆಯಣ್ಣ. ಹಗಲೆಲ್ಲ ಕಾಗದಗಳ ಮೇಲೆ ಮುದ್ರೆ ಒತ್ತಿ ಒತ್ತಿ ಕೈಗೆ ತಾಳ ಹತ್ತಿದವರು. ಬಾಸ್ ಎಂಬ ಆಳೆತ್ತರದ ತಂತಿವಾದ್ಯ ಬಾರಿಸುತ್ತಿದ್ದವರು ಬಡಗಿ. ತಮ್ಮ ಬಾಸನ್ನು ತಾವೇ ಮರ ಕೊಯ್ದು ಮಾಡಿಕೊಂಡಿದ್ದರು. ಅದು ವಾದ್ಯವೋ ಬಟ್ಟೆ ಇಡುವ ಬೀರುವೋ ಎಂದು ಮೊದಲ ಸಲ ನೋಡಿದವರಿಗೆ ಅನುಮಾನ ಬರುತ್ತಿತ್ತು. ಒಮ್ಮೆ ಹೋಟೆಲಿನ ಅತಿಥಿಯೊಬ್ಬರು ಅದಕ್ಕೆ ಕೋಟು ನೇತುಹಾಕಿದ್ದೂ ಉಂಟು.

ಈ ಮೂವರನ್ನು ಕೇಳಿ ಮರುಳಾದವನು ರೇಡಿಯೋ ಕೇಂದ್ರದ ರೆಕಾರ್ಡಿಂಗ್ ಎಂಜಿನಿಯರು. ಅವನನ್ನು ಎಲ್ಲರೂ ಟೇಪಪ್ಪ ಎನ್ನುತ್ತಿದ್ದರು. ಟೇಪಪ್ಪ ಮಾವನನ್ನು ಹಿಡಿದು ತಂದು ಮತ್ತೆ ಎರಡು ಸಲ ಬಲ್ಬಿನ ಕೆಳಗೆ ಕೂರಿಸಿದ. ಮೊದಲ ಸಲ ಮಾವ ಪೆಡಲು ಕೆಟ್ಟಿದೆಯೆಂದು ಪಿಯಾನೋದ ಅಡಿಗೆ ತೂರಿದವರು ಬಲ್ಬು ಆರುವವರೆಗೂ ಹೊರಗೆ ಬರಲಿಲ್ಲ. ಎರಡನೆಯ ಸಲ ಒಂದೂ ತಪ್ಪಿಲ್ಲದೆ ಪೂರ್ತಿ ಬಾರಿಸಿದರು. ಅದನ್ನು ಕೇಳಿ ಉಳಿದ ಮೂವರಿಗೂ ಅಳು ಬಂತು. ಮನೆ ಬಾಡಿಗೆಯ ಕರಾರು ಪತ್ರವನ್ನು ಗಟ್ಟಿಯಾಗಿ ಓದಿದ ಹಾಗಿತ್ತಂತೆ.

ಆಗ ಟೇಪಪ್ಪ ತನ್ನ ಜೀವಮಾನದ ದೊಡ್ಡ ಉಪಾಯ ಮಾಡಿದ. ಬಲ್ಬನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಬಲ್ಬು ಕೆಟ್ಟಿದೆ, ಹೊಸದಕ್ಕೆ ಅರ್ಜಿ ಹಾಕಿದ್ದೇನೆ, ಅದು ಬರುವವರೆಗೆ ಮಂಗಳವಾರ ಮಧ್ಯಾಹ್ನ ಸ್ಟುಡಿಯೋ ಖಾಲಿ ಇರುತ್ತದೆ, ಸುಮ್ಮನೆ ರಿಹರ್ಸಲ್ ಮಾಡುತ್ತಿರಿ ಎಂದ. ಕಚೇರಿಯೊಂದಕ್ಕೆ ಹೊಸ ಬಲ್ಬು ಬರಲು ಎಷ್ಟು ದಿನ ಬೇಕೆಂಬುದು ಕಚೇರಿ ಕಂಡವರಿಗೆಲ್ಲ ಗೊತ್ತು. ಮಾವ ನಂಬಿದರು. ಒಂದೂವರೆ ವರ್ಷ ನಂಬಿದರು. ಸ್ಟುಡಿಯೋದ ಗಾಜಿನ ಗೋಡೆಯ ಆಚೆ ಟೇಪು ಓಡುತ್ತಲೇ ಇತ್ತು.

ಇದು ಬಡಗಿಗೂ ಗೊತ್ತಿತ್ತು, ಅಂಚೆಯಣ್ಣನಿಗೂ ಗೊತ್ತಿತ್ತು. ಬಡಗಿ ಕಿರುಗುಟ್ಟುವ ಬೂಟನ್ನು ಬಾಗಿಲ ಹೊರಗೆ ಬಿಟ್ಟು ಬರುತ್ತಿದ್ದರು. ಅಂಚೆಯಣ್ಣ ಕೆಮ್ಮು ಬಾರದಿರಲೆಂದು ಬಾಯಲ್ಲಿ ಪೆಪ್ಪರ್‌ಮಿಂಟು ಇಟ್ಟುಕೊಳ್ಳುತ್ತಿದ್ದರು. ಪ್ರತಿಯೊಂದು ಹಾಡಿನ ಕೊನೆಯಲ್ಲಿ ಇಬ್ಬರೂ ಉಸಿರು ಬಿಗಿಹಿಡಿದು, ಕೊನೆಯ ನಾದ ಆರುವವರೆಗೆ ಗೊಂಬೆಗಳಂತೆ ಕೂರುತ್ತಿದ್ದರು. ಇದನ್ನು ನೋಡಿ ಮಾವ ಮನೆಗೆ ಬಂದು ಅತ್ತೆಗೆ, ನಮ್ಮವರಿಬ್ಬರಿಗೂ ಈಚೆಗೆ ಭಕ್ತಿ ಜಾಸ್ತಿಯಾಗಿದೆ ಎಂದು ಹೇಳಿದ್ದರಂತೆ.

ಹೀಗೆ ಹನ್ನೊಂದು ಟೇಪು ತುಂಬಿದವು. ಆದರೆ ರೇಡಿಯೋದ ಕ್ರಮ ಹೇಗೆಂದರೆ, ಬಾರಿಸಿದವರು ಸಹಿ ಹಾಕಿದ ಚೀಟಿ ಇಲ್ಲದ ಟೇಪು ಪ್ರಸಾರವಾಗುವಂತಿಲ್ಲ. ಸಹಿ ಕೇಳಬೇಕಾದರೆ ಮಾವನಿಗೆ ವಿಷಯ ಹೇಳಬೇಕು. ಹೇಳಿದರೆ ಅವರು ಮತ್ತೆಂದೂ ಆ ಕೋಣೆಗೆ ಕಾಲಿಡುವುದಿಲ್ಲ. ಇವತ್ತಲ್ಲ ನಾಳೆ ಹೇಳೋಣ, ಇನ್ನೊಂದೇ ಒಂದು ಟೇಪು ಆಗಲಿ ಎಂದು ಮೂವರೂ ಮುಂದೂಡಿದರು. ಮಾವ ಬಲ್ಬಿಗೆ ಹೆದರಿದರು, ಇವರು ಮಾವನ ಹೆದರಿಕೆಗೆ ಹೆದರಿದರು. ಟೇಪಪ್ಪ ಪ್ರತಿ ಡಬ್ಬಿಯ ಮೇಲೂ 'ರಿಹರ್ಸಲ್' ಎಂದು ಬರೆದು ಅತ್ಯಂತ ಕೆಳಗಿನ ಗೂಡಿಗೆ ತಳ್ಳಿದ. ಅಷ್ಟರಲ್ಲಿ ಅವನಿಗೆ ದೂರದ ಊರಿಗೆ ವರ್ಗವಾಯಿತು. ಅಲ್ಲೇ ತೀರಿಹೋದನೆಂದು ಮುಂದೊಂದು ದಿನ ಸುದ್ದಿ ಬಂತು.

ಆಮೇಲೆ ಒಂದು ಘಟನೆ ನಡೆಯಿತು. ಮಾವ ಅದನ್ನು ಯಾರ ಮುಂದೆಯೂ ಎತ್ತುತ್ತಿರಲಿಲ್ಲ, ನನಗೆ ಹೇಳಿದವರು ಅತ್ತೆ. ಒಂದು ಗ್ರಾಮಫೋನ್ ಕಂಪನಿಯವನು ಹೋಟೆಲಿನಲ್ಲಿ ಟೀ ಕುಡಿಯುತ್ತಾ ಈ ಮೂವರನ್ನು ಕೇಳಿ, ಮರುದಿನವೇ ಮನೆ ಹುಡುಕಿಕೊಂಡು ಬಂದ. ನಿಮ್ಮ ಮೂವರದೂ ಒಂದು ರೆಕಾರ್ಡು ತರೋಣ, ಆಮೇಲೆ ಊರೂರು ಸುತ್ತಬಹುದು ಎಂದ. ಮಾವ ಬಾಗಿಲಲ್ಲೇ ನಿಂತು, ಬೆವರುತ್ತಾ, ನನಗೆ ಜ್ವರ ಎಂದರು. ಯಾವಾಗ ಬರಲಿ ಎಂದ. ಈ ಜ್ವರ ಹೋಗುವಂಥದ್ದಲ್ಲ ಎಂದು ಹೇಳಿ ಬಾಗಿಲು ಹಾಕಿಕೊಂಡರು. ಅಂಚೆಯಣ್ಣನಿಗೂ ಬಡಗಿಗೂ ಸುದ್ದಿ ಗೊತ್ತಾಯಿತು. ಅವರು ಎಂದಿನಂತೆ ಹೋಟೆಲಿಗೆ ಬಂದು ಬಾರಿಸಿದರು. ಅಂಚೆಯಣ್ಣ ಸೈಕಲ್ಲಿನ ಮೇಲೆ ಕಾಗದ ಹಂಚುತ್ತಲೇ ನಿವೃತ್ತರಾದರು. ಒಂಬತ್ತು ವರ್ಷದ ಹಿಂದೆ ತೀರಿಕೊಂಡರು. ಅಂದು ಮಾವ ಅವರ ಮನೆಯವರಿಗೆ ಮುಖ ತೋರಿಸಲಾರದೆ ಕಾಂಪೌಂಡಿನ ಹೊರಗೇ ನಿಂತಿದ್ದು ವಾಪಸು ಬಂದರು.

ಹೋಟೆಲಿನವರು ಪಿಯಾನೋ ತೆಗೆದು ಆ ಜಾಗದಲ್ಲಿ ಮೀನಿನ ತೊಟ್ಟಿ ಇಟ್ಟರು. ಮಾವನ ಬಲಗೈಯ ಕೊನೆಯ ಎರಡು ಬೆರಳು ಮಡಿಚಿಕೊಂಡವು, ಮತ್ತೆ ಬಿಚ್ಚಲಿಲ್ಲ. ಅಲ್ಲಿಗೆ ಅವರ ಸಂಗೀತ ಮುಗಿಯಿತು. ಉಳಿದದ್ದು ನಮ್ಮ ಕಥೆಗಳು ಮಾತ್ರ, ಅವಕ್ಕೆ ಯಾರೂ ಪುರಾವೆ ಕೇಳುತ್ತಿರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಬಡಗಿ ಮನೆಗೆ ಬಂದರು. ಎಂಬತ್ತರ ಮುದುಕ, ಕಿವಿ ಮುಕ್ಕಾಲು ಹೋಗಿದೆ. ನಾನೂ ಅಲ್ಲೇ ಇದ್ದೆ. ಅವರು ಕೂರಲಿಲ್ಲ. ಕಟಕಟೆಯಲ್ಲಿ ನಿಂತ ಕಳ್ಳನ ಹಾಗೆ ಟೊಪ್ಪಿ ತಿರುವುತ್ತಾ, ಕಿವುಡರ ದೊಡ್ಡ ದನಿಯಲ್ಲಿ ಶುರುಮಾಡಿದರು.

"ಲೋ, ಮಂಗಳವಾರ ಮಂಗಳವಾರ ಬಾರಿಸ್ತಿದ್ವಲ್ಲ, ನೆನಪಿದೆಯಾ?"

"ರಿಹರ್ಸಲ್ ತಾನೇ?" ಎಂದರು ಮಾವ.

"ರಿಹರ್ಸಲ್ ಅಲ್ಲ ಕಣೋ. ಟೇಪ್ ಓಡ್ತಿತ್ತು."

ಮಾವ ಟೀ ಕಪ್ಪನ್ನು ಕೆಳಗಿಟ್ಟರು. ಅಲ್ಲಿ ಮೇಜು ಇರಲಿಲ್ಲ. ಕಪ್ಪು ನೆಲಕ್ಕೆ ಬಿದ್ದು ಚೂರಾದದ್ದನ್ನು ಅವರು ನೋಡಲೂ ಇಲ್ಲ.

"ಎಷ್ಟು ಸಲ?"

"ಎಲ್ಲಾ ಸಲಾನೂ."

ಬಡಗಿ ಹೇಳಿದ ಸುದ್ದಿಯ ಸಾರ ಇದು. ರೇಡಿಯೋ ಕೇಂದ್ರ ಚಿಕ್ಕ ಕಟ್ಟಡವೊಂದಕ್ಕೆ ಹೋಗುತ್ತಿದೆ. ಕೆಳಗಿನ ಗೂಡಿನ ಟೇಪುಗಳನ್ನು ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಒಯ್ದು, ದೊಡ್ಡ ಆಯಸ್ಕಾಂತದ ಯಂತ್ರದಲ್ಲಿ ಒಂದೇ ಏಟಿಗೆ ಅಳಿಸುತ್ತಾರೆ. ಅಲ್ಲಿನ ಟೇಪು ಕೋಣೆಯ ಮೇಡಂ ಹನ್ನೊಂದು ಡಬ್ಬಿಗಳಲ್ಲಿ ಒಂದರ ಮೊದಲ ಅರ್ಧ ನಿಮಿಷ ಕೇಳಿ ಬೆಚ್ಚಿಬಿದ್ದು, ಡಬ್ಬಿಯೊಳಗೆ ಟೇಪಪ್ಪ ಗೀಚಿದ್ದ ವಿಳಾಸ ಹಿಡಿದು ಬಡಗಿಯನ್ನು ಹುಡುಕಿದ್ದಾಳೆ. ಉಳಿಸಿಕೊಳ್ಳಲು ದಾರಿ ಒಂದೇ. ಗುಂಪಿನ ಮುಖ್ಯಸ್ಥ ತಾನೇ ಬಂದು, ಒಂದು ಟೇಪನ್ನು ಪೂರ್ತಿ ಕೇಳಿ, 'ಇದು ನಾನೇ' ಎಂದು ಸಹಿ ಹಾಕಬೇಕು. ಹಾಕಿದರೆ ಹನ್ನೊಂದೂ ಉಳಿಯುತ್ತವೆ. ಇಲ್ಲದಿದ್ದರೆ ಹನ್ನೊಂದೂ ಹೋಗುತ್ತವೆ.

ನಾನು ಕುಣಿದಾಡಿಬಿಟ್ಟೆ. ಮಾವನ ಮುಖ ನೋಡಿದ ಮೇಲೆ ಕುಣಿತ ನಿಂತಿತು. ಅವರ ಮುಖ ಸುಣ್ಣದ ಗೋಡೆಯಾಗಿತ್ತು.

ಮಂಗಳವಾರ ಮಾವನಿಗೆ ಹಲ್ಲುನೋವು ಬಂತು. ಆ ಕಡೆ ಹಲ್ಲೇ ಇಲ್ಲವೆಂದು ಅತ್ತೆ ತೋರಿಸಿಕೊಟ್ಟ ಮೇಲೆ ಅದು ಸೊಂಟಕ್ಕೆ ಇಳಿಯಿತು. ಅಂದು ಅವರು ಊಟ ಮಾಡಲಿಲ್ಲ. ಮನೆಯ ರೇಡಿಯೋದ ಮೇಲೆ ಟವೆಲು ಹೊದಿಸಿದರು. ಫೋನು ಬಂದಾಗ ತಾವೇ ಎತ್ತಿ, ನಾನು ಮನೆಯಲ್ಲಿಲ್ಲ ಎಂದು ಹೇಳಿದರು. ಯಾರೋ ಮೆಟ್ಟಿಲು ಹತ್ತುವ ಸದ್ದಾದರೆ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದು ಕೂರುತ್ತಿದ್ದರು. ಅದನ್ನು ನೋಡಿದ ಮೇಲೆ ನನಗೆ ತಮಾಷೆ ಮಾಡುವ ಮನಸ್ಸಾಗಲಿಲ್ಲ. ನನ್ನ ಮಟ್ಟಿಗೆ ಅದೇ ದೊಡ್ಡ ಅನಾಹುತದ ಸೂಚನೆ.

ಬುಧವಾರ ಮಧ್ಯಾಹ್ನ ಮಾವ ಕೆಳಗೆ ಹೋಗಿ ಬರೋಣವೆಂದು ನನ್ನನ್ನು ಕರೆದರು. ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ಮೆಟ್ಟಿಲ ಮೇಲೇ ಕೂತುಬಿಟ್ಟರು. ನಾನೂ ಕೂತೆ.

"ಅಳಿಯಾ, ನೀನು ನನ್ನ ಬಗ್ಗೆ ಜನಕ್ಕೆ ಏನೇನು ಹೇಳಿದ್ದೀಯೋ ನಂಗೆಲ್ಲಾ ಗೊತ್ತು."

"ಸ್ವಲ್ಪ ಉಪ್ಪುಖಾರ ಹಚ್ಚಿದ್ದೀನಿ ಮಾವ. ಅಷ್ಟೇ."

"ನಾನು ಬಾರಿಸಿದ್ದನ್ನ ಅವರ್ಯಾರೂ ಕೇಳಿಲ್ಲ, ಅದಕ್ಕೆ ನಡೀತು. ನಾಳೆ ಕೇಳ್ತಾರೆ."

ಕೇಳಲಿ ಬಿಡಿ, ಕೆಟ್ಟದಾಗಿದ್ದರೆ ಸಹಿ ಹಾಕಬೇಡಿ, ಹಾವೂ ಸಾಯುವುದಿಲ್ಲ ಕೋಲೂ ಮುರಿಯುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಮಾವ ಅಲ್ಲವೆಂದು ತಲೆಯಾಡಿಸಿದರು. ಮಡಿಚಿದ ಎರಡು ಬೆರಳನ್ನು ಇನ್ನೊಂದು ಕೈಯಿಂದ ಬಿಡಿಸಲು ನೋಡಿದರು.

"ಕೆಟ್ಟದಾಗಿದ್ರೆ ನಾಚಿಕೆ. ಅದು ಒಂದು ವಾರ ಇರುತ್ತೆ, ಹೋಗುತ್ತೆ. ಚೆನ್ನಾಗಿದ್ರೆ ಏನು ಮಾಡ್ಲಿ?"

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಚೆನ್ನಾಗಿದ್ರೆ, ಆ ಕಂಪನಿಯವನಿಗೆ ಜ್ವರ ಅಂದದ್ದು ಯಾಕೆ? ಅಂಚೆಯಣ್ಣ ಮಳೇಲಿ ಬಿಸಿಲಲ್ಲಿ ಸೈಕಲ್ ತುಳಿದದ್ದು ಯಾಕೆ? ನಾವೇನು ಅಂಥಾ ದೊಡ್ಡವರಲ್ಲ, ಹೋದ್ರೆ ಹೋಯ್ತು ಅಂತ ನಂಬ್ಕೊಂಡೇ ಇಷ್ಟು ವರ್ಷ ಬದುಕಿದ್ದೀನಿ. ಅದೂ ಸುಳ್ಳು ಅಂತ ಆದ್ರೆ?"

ಮೆಟ್ಟಿಲು ತಣ್ಣಗಿತ್ತು. ಮೇಲಿನಿಂದ ಯಾರೋ ಇಳಿದು ಬಂದರು, ನಾವಿಬ್ಬರೂ ಮೊಣಕಾಲು ಸರಿಸಿ ದಾರಿ ಬಿಟ್ಟೆವು. ನಿಜ ಹೇಳಬೇಕೆಂದರೆ ಆ ಟೇಪು ಅಳಿಸಿಹೋದರೇ ಒಳ್ಳೆಯದೇನೋ ಎಂದು ಒಂದು ಗಳಿಗೆ ನನಗೂ ಅನ್ನಿಸಿಬಿಟ್ಟಿತು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಮಾವ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡರು. ಒಂಬತ್ತೂವರೆಯಾದರೂ ಬರಲಿಲ್ಲ. ನೀರಿನ ಸದ್ದೂ ಇಲ್ಲ. ಬಡಗಿ ತಮ್ಮ ಕಸುಬಿನ ಬಲದಿಂದ ಬಾಗಿಲನ್ನು ಕೀಲಿನಿಂದಲೇ ಕಳಚುತ್ತೇನೆಂದು ಮುಂದೆ ಬಂದರು. ಅತ್ತೆ ಅವರನ್ನು ಪಕ್ಕಕ್ಕೆ ಸರಿಸಿ, ಬಾಗಿಲಿಗೆ ಬಾಯಿ ಹತ್ತಿರ ಇಟ್ಟು ಮೆತ್ತಗೆ ಮಾತಾಡಿದರು.

"ಅಲ್ರೀ, ನಲವತ್ತೈದು ವರ್ಷ ನಿಮ್ಮ ಗೊರಕೆ ಕೇಳಿದ್ದೀನಿ. ನಾನು ಹೆದರಿದ್ನಾ? ಒಂದು ಟೇಪು ಕೇಳೋಕೆ ನಿಮಗೇನು?"

ಅತ್ತೆ ಬಾಗಿಲಿಗೆ ಕಿವಿಯಿಟ್ಟರು.

"ನೀವು ಹೋಗ್ದಿದ್ರೆ ಅಂಚೆಯಣ್ಣನ್ನೂ ಅಳಿಸ್ತಾರೆ" ಎಂದರು ಅತ್ತೆ.

ಚಿಲಕ ತೆರೆಯಿತು.

ರೇಡಿಯೋ ಕೇಂದ್ರ ಆಗಲೇ ಅರ್ಧ ಖಾಲಿಯಾಗಿತ್ತು. ಕಟ್ಟಡದೊಳಗಿನ ಉದ್ದನೆಯ ಓಣಿಯಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಗೋಡೆಯ ಮೇಲೆ ಗಡಿಯಾರ ತೆಗೆದ ಜಾಗದಲ್ಲಿ ಬಿಳಿಯ ವೃತ್ತ. ನಾವು ನಾಲ್ವರು ನಡೆದರೆ ನಲವತ್ತು ಜನ ನಡೆದ ಹಾಗೆ ಸದ್ದು. ಮಾವ ನನ್ನ ತೋಳು ಹಿಡಿದಿದ್ದರು. ಮರುದಿನ ನೋಡಿದಾಗ ಅಲ್ಲಿ ನಾಲ್ಕು ಬೆರಳಿನ ಗುರುತು ನೀಲಿಗಟ್ಟಿತ್ತು.

ಟೇಪು ಕೋಣೆಯ ಮೇಡಮ್ಮಿಗೆ ಮೂವತ್ತೈದಿರಬಹುದು. ಅಂಗಿಯ ತೋಳು ಮಡಿಚಿದ್ದಳು, ಕೈಗೆ ಬಿಳಿ ಹತ್ತಿಯ ಗ್ಲೌಸು. ನಮ್ಮನ್ನು ಕೂರಿಸಿ, ವಿಷಯವನ್ನು ಡಾಕ್ಟರು ಆಪರೇಷನ್ನಿಗೆ ಮುಂಚೆ ಹೇಳುವ ಹಾಗೆ ಹೇಳಿದಳು. ಟೇಪು ಹಳತಾಗಿ ಅಂಟುಅಂಟಾಗಿದೆ. ಬಹುಶಃ ಒಂದೇ ಸಲ ಓಡುತ್ತದೆ. ಓಡುವಾಗಲೇ ಪಕ್ಕದ ಯಂತ್ರದಲ್ಲಿ ಕಾಪಿ ಮಾಡಿಕೊಳ್ಳಬೇಕು. ನಡುವೆ ನಿಲ್ಲಿಸಿದರೆ ಹರಿದುಹೋಗಬಹುದು. ಆದ್ದರಿಂದ ಒಮ್ಮೆ ಶುರುವಾದರೆ ಯಾರೂ ಎದ್ದು ಹೋಗುವಂತಿಲ್ಲ, ಮಾತಾಡುವಂತಿಲ್ಲ.

ಅವಳು ಗುಂಡಿ ಒತ್ತಿದಳು. ಕಾಪಿ ಮಾಡುವ ಯಂತ್ರದ ಮೇಲೆ, ಮಾವನ ಮೂಗಿಗೆ ನೇರವಾಗಿ, ಒಂದು ಕೆಂಪು ದೀಪ ಹೊತ್ತಿಕೊಂಡಿತು.

ನಾನು ಕರವಸ್ತ್ರ ತೆಗೆದು ದೀಪಕ್ಕೆ ಮುಚ್ಚಲು ಎದ್ದೆ. ಮಾವ ನನ್ನ ಅಂಗಿಯ ತುದಿ ಹಿಡಿದು ಎಳೆದು ಕೂರಿಸಿದರು. ಹಣೆಯಿಂದ ಬೆವರಿಳಿದು ಕನ್ನಡಕದ ಮೇಲೆ ಬಿತ್ತು. ಅದನ್ನು ಒರೆಸಿಕೊಳ್ಳಲೂ ಇಲ್ಲ.

ಮೊದಲು ಬರೀ ಸುಯ್ ಎಂಬ ಸದ್ದು. ಆಮೇಲೆ ಕುರ್ಚಿ ಎಳೆದದ್ದು. ಯಾರದೋ ಬಾಯಲ್ಲಿ ಪೆಪ್ಪರ್‌ಮಿಂಟು ಹಲ್ಲಿಗೆ ತಾಗಿ ಕಟಕ್ಕೆಂದದ್ದು. ಅದು ಅಂಚೆಯಣ್ಣ. ಒಂಬತ್ತು ವರ್ಷದ ಹಿಂದೆ ಸತ್ತವರು ನಮ್ಮ ಮಗ್ಗುಲಲ್ಲೇ ಕೂತು ಮಿಠಾಯಿ ಚೀಪುತ್ತಿದ್ದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು.

ಆಮೇಲೆ ಪಿಯಾನೋ.

ನಾನು ಮೂವತ್ತು ವರ್ಷ ಊರಿಗೆಲ್ಲ ಸಾರಿದ ಗುಡುಗು ಸಿಡಿಲು ಅದರಲ್ಲಿ ಇರಲಿಲ್ಲ. ಕೇಳಿದವರ ನಿದ್ದೆ ಕೆಡಿಸುವ ಉದ್ದೇಶವೂ ಅದಕ್ಕಿದ್ದಂತೆ ಕಾಣಲಿಲ್ಲ. ಯಾರೋ ಒಬ್ಬ ಸಾಯಂಕಾಲ ಕೆಲಸ ಮುಗಿಸಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು, ಗೆಳೆಯರ ಜೊತೆ ನಿಧಾನವಾಗಿ ನಡೆಯುತ್ತಿರುವ ಹಾಗಿತ್ತು. ಅವನಿಗೆ ಎಲ್ಲಿಗೂ ಅವಸರವಿಲ್ಲ. ತಿರುವು ಬಂದರೆ ತಿರುಗುತ್ತಾನೆ, ಕಲ್ಲು ಕಂಡರೆ ಒದೆಯುತ್ತಾನೆ. ಹುಟ್ಟಿದಾಗಿನಿಂದ ನಾನು ಬಲ್ಲ ಮಾವ ಇವನಲ್ಲ. ಇವನು ಯಾವುದಕ್ಕೂ ಹೆದರಿರಲಿಲ್ಲ.

ಅಷ್ಟರಲ್ಲಿ ಆಗಬಾರದ್ದು ಆಯಿತು. ಸುಮಾರು ಹತ್ತನೆಯ ನಿಮಿಷಕ್ಕೆ ಪಿಯಾನೋ ಒಂದು ತಪ್ಪು ಮನೆಗೆ, ಎಂದರೆ ತಪ್ಪು ಸ್ವರಕ್ಕೆ, ಕಾಲಿಟ್ಟಿತು. ಸಂಗೀತದ ಗಂಧಗಾಳಿ ಇಲ್ಲದ ನನಗೂ ತಿಳಿಯುವಷ್ಟು ಸ್ಪಷ್ಟ ತಪ್ಪು. ಕಾಲುಬೆರಳು ಹೊಸಿಲಿಗೆ ಹೊಡೆದ ಹಾಗೆ. ಮಾವ ಕುರ್ಚಿಯಲ್ಲಿ ಮುದುಡಿಕೊಂಡರು. ಮೇಡಂ ತಲೆ ಎತ್ತಲಿಲ್ಲ. ಕೆಂಪು ದೀಪ ಉರಿಯುತ್ತಲೇ ಇತ್ತು. ಆ ತಪ್ಪು ಹಳೆಯ ಟೇಪಿನಿಂದ ಎದ್ದು ಹೊಸ ಕಾಪಿಗೆ ದಾಟುತ್ತಿತ್ತು, ನಾವೆಲ್ಲ ನೋಡುತ್ತಾ ಕೂತಿದ್ದೆವು. ಮಾವ ಎದ್ದು ಓಡುತ್ತಾರೆಂದೇ ನಾನು ಬಗೆದೆ. ಅವರ ಕಣ್ಣು ಬಾಗಿಲ ಕಡೆ ಹೋಯಿತು.

ಟೇಪಿನಲ್ಲಿದ್ದ ಮನುಷ್ಯ ಓಡಲಿಲ್ಲ. ಅದೇ ತಪ್ಪು ಮನೆಯನ್ನು ಮತ್ತೊಮ್ಮೆ ಮುಟ್ಟಿದ, ಈ ಸಲ ಬೇಕೆಂದೇ, ಮೆತ್ತಗೆ. ಮೂರನೆಯ ಸಲ ಮುಟ್ಟಿದಾಗ ಬಡಗಿಯ ಬಾಸು ಕೆಳಗಿನಿಂದ ಹೂಂ ಎಂದಿತು. ನಾಲ್ಕನೆಯ ಸಲಕ್ಕೆ ಅಂಚೆಯಣ್ಣ ಡ್ರಮ್ಮಿನ ಮೇಲೆ ಸವರುವ ಬ್ರಷ್ಷು ಅದಕ್ಕೆ ಸರಿಯಾಗಿ ಬಿತ್ತು. ಆಮೇಲೆ ಆ ಹಾಡೆಲ್ಲ ಆ ತಪ್ಪಿನ ಮನೆಯಲ್ಲೇ ಸಂಸಾರ ಹೂಡಿತು, ಮೊದಲಿನಿಂದಲೂ ಹೊರಟಿದ್ದು ಅಲ್ಲಿಗೇ ಎಂಬಂತೆ. ಟೇಪಿನಲ್ಲಿ ಯಾರೋ ಸಣ್ಣಗೆ ನಕ್ಕರು. ಅಂಚೆಯಣ್ಣನೇ ಇರಬೇಕು. ಎಚ್ಚರಿಕೆಯಿಂದ ಉಸಿರು ಬಿಗಿಹಿಡಿಯುತ್ತಿದ್ದ ಮನುಷ್ಯ, ತಡೆಯಲಾಗದೆ ನಕ್ಕುಬಿಟ್ಟಿದ್ದರು.

ಬಡಗಿಗೆ ಏನೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅವರು ಎದ್ದು ಹೋಗಿ, ಸ್ಪೀಕರಿನ ಮರದ ಪೆಟ್ಟಿಗೆಯ ಮೇಲೆ ಅಂಗೈ ಊರಿ, ಕಣ್ಣುಮುಚ್ಚಿ ನಿಂತಿದ್ದರು. ತಮ್ಮ ಬಾಸು ಮರದೊಳಗೆ ನಡುಗುವುದು ಅವರ ಕೈಗೆ ತಿಳಿಯುತ್ತಿತ್ತು. ಎದ್ದು ಹೋಗಬಾರದೆಂದು ಹೇಳಿದ್ದ ಮೇಡಂ ಅವರನ್ನು ತಡೆಯಲಿಲ್ಲ.

ಮಾವನ ಕಣ್ಣು ಬಾಗಿಲಿಂದ ಯಾವಾಗಲೋ ಹಿಂದಕ್ಕೆ ಬಂದಿತ್ತು. ಕೈಗಳೆರಡೂ ಮೊಣಕಾಲ ಮೇಲಿದ್ದವು. ಎಂಟು ಬೆರಳು ಚಲಿಸುತ್ತಿದ್ದವು. ಮಡಿಚಿದ ಎರಡೂ ಸುಮ್ಮನಿರದೆ ಮಡಿಚಿದ ಹಾಗೇ ಅಲ್ಲಾಡುತ್ತಿದ್ದವು. ಮುಖ ನೋಡಿ ಏನನ್ನೂ ಹೇಳುವ ಹಾಗಿರಲಿಲ್ಲ. ಚೆನ್ನಾಗಿದೆಯೆಂದು ಅವರಿಗೂ ತಿಳಿಯಿತೇ, ತಿಳಿದು ಅಂಚೆಯಣ್ಣನ ಸೈಕಲ್ಲು ನೆನಪಾಯಿತೇ, ಈಗ ಎದ್ದು ಇದು ನಾನಲ್ಲ ಎಂದುಬಿಡುತ್ತಾರೆಯೇ? ಆ ಒಂದು ಮಾತು ಸಾಕಾಗಿತ್ತು, ಮೂವರೂ ಹ್ಞಾ ಎನ್ನುವಷ್ಟರಲ್ಲಿ ಅಳಿಸಿಹೋಗುತ್ತಿದ್ದರು.

ಟೇಪು ಮುಗಿಯಿತು. ತುದಿ ಬಿಚ್ಚಿಕೊಂಡು ಪಟಪಟನೆ ಹೊಡೆದುಕೊಂಡಿತು. ಹರಿಯಲಿಲ್ಲ. ಹೊರಗೆ ಓಣಿಯ ಆ ತುದಿಯಲ್ಲಿ ತಳ್ಳುಗಾಡಿಯ ಚಕ್ರದ ಸದ್ದು ಕೇಳತೊಡಗಿತು. ಕೆಳಗಿನ ಗೂಡು ಖಾಲಿ ಮಾಡುವವರು ಹತ್ತು ನಿಮಿಷ ಮುಂಚೆಯೇ ಬರುತ್ತಿದ್ದರು.

ಮೇಡಂ ಚೀಟಿಯನ್ನೂ ಪೆನ್ನನ್ನೂ ಮಾವನ ಮುಂದೆ ಇಟ್ಟಳು. ಅವಳ ಕಣ್ಣು ಒದ್ದೆಯಾಗಿತ್ತು. ಮಾವ ಪೆನ್ನು ಮುಟ್ಟಲಿಲ್ಲ. ತಳ್ಳುಗಾಡಿ ಬಾಗಿಲಿಗೆ ಬಂದು ನಿಂತಿತು. ಒಬ್ಬ ಇಣುಕಿ, ಎತ್ತಬಹುದಾ ಎಂದು ಕೈಸನ್ನೆಯಲ್ಲೇ ಕೇಳಿದ. ಅತ್ತೆ ನನ್ನ ಕೈ ಹಿಡಿದುಕೊಂಡರು, ನಾನು ಅವರದ್ದು ಹಿಡಿದುಕೊಂಡೆ.

"ಸರ್, ಈ ಕೋಣೇಲಿ ಸಾವಿರಾರು ಟೇಪು ಕೇಳಿದ್ದೀನಿ, ಇಂಥದ್ದು ಕೇಳಿಲ್ಲ" ಎಂದಳು ಮೇಡಂ. "ಇಷ್ಟು ವರ್ಷ ಆದ್ಮೇಲೆ ಮೊದಲ್ನೇ ಸಲ ಕೇಳಿದ್ರಲ್ಲ. ಹೇಗನ್ನಿಸ್ತು, ಹೇಳಿ."

ಮಾವ ಕನ್ನಡಕ ತೆಗೆದು ಅಂಗಿಗೆ ಒರೆಸಿ, ಮತ್ತೆ ಹಾಕಿಕೊಂಡು, ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಪಿಯಾನೋ ಸ್ವಲ್ಪ ಜೋರಾಯ್ತು" ಎಂದರು. "ಸಹಿ ಎಲ್ಲಿ ಹಾಕ್ಬೇಕು, ತೋರ್ಸಮ್ಮ."